ಮೇಜಿನ ಮೇಲೆ ಹತ್ತೊಂಬತ್ತು ಮೀಟರ್ ನೀರು

ಇದನ್ನು ಓದಿ ನೀವು ನಗಬಹುದು. ನಗಿ, ಬೇಜಾರಿಲ್ಲ. ಆದರೆ ಕಟ್ಟುಕಥೆ ಮಾತ್ರ ಎನ್ನಬೇಡಿ. ಕಟ್ಟುಕಥೆಯಾಗಿದ್ದರೆ ಅದರಲ್ಲಿ ನನ್ನನ್ನು ನಾನು ಇಷ್ಟು ಕೆಟ್ಟವನನ್ನಾಗಿ ಮಾಡಿಕೊಳ್ಳುತ್ತಿರಲಿಲ್ಲ. ಹೆಸರುಗಳನ್ನು ಬದಲಾಯಿಸಿದ್ದೇನೆ, ಅಷ್ಟೇ. ಉಳಿದದ್ದೆಲ್ಲ ನಡೆದದ್ದು ನಡೆದ ಹಾಗೆ.

ದೊಡ್ಡಬಳ್ಳಾಪುರದ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ವಾಚ್ ರಿಪೇರಿ ಅಂಗಡಿ ಇದೆ. ಈಗ ವಾಚ್ ಕಟ್ಟುವವರೇ ಕಡಿಮೆ. ಹಾಗಾಗಿ ಮೊಬೈಲು, ರಿಮೋಟು, ಗೋಡೆ ಗಡಿಯಾರ, ಕೈಗೆ ಬಂದದ್ದನ್ನೆಲ್ಲ ಬಿಚ್ಚುತ್ತೇನೆ. ಮನೆಯಲ್ಲಿ ಎರಡು ಮಗ್ಗ ಇವೆ, ಅದು ನನ್ನ ಹೆಂಡತಿಯ ಇಲಾಖೆ.

ಇದಲ್ಲದೆ ನನಗೆ ಇನ್ನೊಂದು ಕೆಲಸ ಇದೆ. ಅದಕ್ಕೆ ಬೋರ್ಡಿಲ್ಲ. ಸುತ್ತಮುತ್ತ ಕೆರೆಗೋ ಕಲ್ಲು ಕ್ವಾರಿಗೋ ಯಾರಾದರೂ ಬಿದ್ದರೆ ಶಿವುಗೆ ಫೋನ್ ಬರುತ್ತದೆ, ಶಿವು ನನಗೆ ಮಾಡುತ್ತಾನೆ. ಶಿವು ಹಾಲಿನ ವ್ಯಾನ್ ಓಡಿಸುತ್ತಾನೆ. ಒಂದನೇ ಕ್ಲಾಸಿನಿಂದ ನನ್ನ ಪಕ್ಕ ಕೂತವನು, ಆಮೇಲೆ ನನ್ನ ತಂಗಿ ಸಾವಿತ್ರಿಯನ್ನೇ ಮದುವೆಯಾದವನು. ಅವನು ನೀರಿಗೆ ಇಳಿದು ಹೆಣ ಹುಡುಕುತ್ತಾನೆ. ನಾನು ದಡದಲ್ಲಿ ನಿಂತು ಅವನ ಸೊಂಟದ ಹಗ್ಗ ಹಿಡಿಯುತ್ತೇನೆ.

ಹಗ್ಗದಲ್ಲೇ ನಮ್ಮ ಮಾತು. ಕೆಳಗಿನಿಂದ ಒಂದು ಸಲ ಜಗ್ಗಿದರೆ ಚೆನ್ನಾಗಿದ್ದೀನಿ ಎಂದರ್ಥ. ಎರಡು ಸಲ ಜಗ್ಗಿದರೆ ಸಡಿಲ ಬಿಡಬೇಕು. ಮೂರು ಸಲ ಜಗ್ಗಿದರೆ ಯೋಚನೆ ಮಾಡದೆ ಎಳೆಯಬೇಕು.

ಮೊದಲು ಇಬ್ಬರೂ ಸರದಿಯ ಮೇಲೆ ಇಳಿಯುತ್ತಿದ್ದೆವು. ನಿಜ ಹೇಳಬೇಕೆಂದರೆ ನನ್ನ ಉಸಿರು ಅವನದಕ್ಕಿಂತ ಉದ್ದ. ಆಮೇಲೆ ಯಾರೋ ದಾನಿಗಳು ಒಬ್ಬರನ್ನು ಮುರುಡೇಶ್ವರದ ಕಡೆ ಸ್ಕೂಬಾ ಕಲಿಯಲು ಕಳಿಸುತ್ತೇವೆ ಎಂದರು. ಡಾಕ್ಟರು ನನ್ನ ಕಿವಿಯೊಳಗೆ ಟಾರ್ಚ್ ಬಿಟ್ಟು ನೋಡಿ, ಆಗಲ್ಲ ಎಂದು ತಲೆಯಾಡಿಸಿದರು. ಚಿಕ್ಕಂದಿನಲ್ಲಿ ಸೋರುತ್ತಿದ್ದ ಕಿವಿ. ಶಿವು ಹೋದ, ಸಿಲಿಂಡರ್ ಬೆನ್ನಿಗೆ ಹಾಕಿಕೊಂಡು ವಾಪಸ್ ಬಂದ. ಅಂದಿನಿಂದ ಅವನಿಗೆ ನೀರು, ನನಗೆ ಹಗ್ಗ.

ಶಾಲು ಹೊದಿಸುವುದು ನೀರಿಗೆ ಇಳಿದವನಿಗೆ. ಪೇಪರಿನಲ್ಲಿ ಫೋಟೊ ಬರುವುದೂ ಅವನದೇ. ಒಂದು ಸಲ ನನ್ನ ಮೊಣಕೈ ಬಂದಿತ್ತು.

ಹೋದ ವರ್ಷ ಬೂದಿಗೆರೆ ಕಡೆಯ ಒಂದು ಕೆರೆಯಲ್ಲಿ ಬೆಂಗಳೂರಿನ ಯಜಮಾನರೊಬ್ಬರ ತಮ್ಮ ಮುಳುಗಿದ್ದ. ಎರಡು ದಿನ ಹುಡುಕಿ ತೆಗೆದುಕೊಟ್ಟೆವು. ತಿಂಗಳಾದ ಮೇಲೆ ಆ ಯಜಮಾನರು ಕಾರಿನಲ್ಲಿ ಶಿವು ಮನೆಗೆ ಬಂದರು. ಅವನ ಕೈಗೆ ಒಂದು ಕಪ್ಪು ಡಬ್ಬಿ ಕೊಟ್ಟರು. ನನ್ನ ಕಡೆ ತಿರುಗಿ, "ನೀವು ಹಗ್ಗ ಹಿಡಿಯೋರು ಅಲ್ವಾ?" ಎಂದು ಒಂದು ಪೊಟ್ಟಣ ಮೈಸೂರು ಪಾಕು ಕೊಟ್ಟರು.

ಡಬ್ಬಿಯೊಳಗೆ ಡೈವ್ ಕಂಪ್ಯೂಟರ್ ಇತ್ತು.

ನೋಡಲು ದೊಡ್ಡ ವಾಚಿನ ಹಾಗಿರುತ್ತದೆ. ಕೈಗೆ ಕಟ್ಟಿಕೊಂಡು ನೀರಿಗಿಳಿದರೆ ಸಾಕು, ತಾನಾಗಿಯೇ ಎದ್ದು ಕೂರುತ್ತದೆ. ಎಷ್ಟು ಮೀಟರ್ ಆಳದಲ್ಲಿದ್ದೀಯ, ಇನ್ನೆಷ್ಟು ನಿಮಿಷ ಇರಬಹುದು, ಎಲ್ಲ ತೋರಿಸುತ್ತದೆ. ಅವಸರ ಮಾಡಿ ಮೇಲೆ ಬಂದರೆ ಕಿರುಚುತ್ತದೆ, ಏಕೆಂದರೆ ಆಳದಿಂದ ದಡಕ್ಕನೆ ಮೇಲೆ ಬಂದರೆ ರಕ್ತದಲ್ಲಿ ಗಾಳಿಗುಳ್ಳೆ ಎದ್ದು ಮನುಷ್ಯ ಸಾಯಬಹುದು. ಪ್ರತಿ ಸಲ ಇಳಿದದ್ದನ್ನೂ ನೆನಪಿಟ್ಟುಕೊಳ್ಳುತ್ತದೆ. ನಮ್ಮೂರು ಎತ್ತರದ ಜಾಗ ಎಂದು ಅದಕ್ಕೇ ಗೊತ್ತಾಗಿ ಪರದೆಯ ಮೂಲೆಯಲ್ಲಿ ಸಣ್ಣದೊಂದು ಬೆಟ್ಟದ ಗುರುತು ಬರುತ್ತದೆ. ಮೂವತ್ತು ವರ್ಷ ವಾಚು ಬಿಚ್ಚಿದ ನನಗೆ ಅಂಥದ್ದು ಒಂದು ದಿನವೂ ಕೈಗೆ ಸಿಕ್ಕಿರಲಿಲ್ಲ. ಆ ಪುಣ್ಯಾತ್ಮ ಅದನ್ನು ಕಟ್ಟಿಕೊಂಡು ಹಾಲು ಹಾಕಲು ಹೋಗುತ್ತಿದ್ದ!

ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಪದ ಹುಡುಕುವುದಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಶಿವು ಅದನ್ನು ಅಂಗಡಿಗೆ ತಂದ.

"ಲೇ ನಾಗ, ಇದಕ್ಕೇನೋ ಆಗೈತೆ ನೋಡೋ. ನಾನು ಮೇಲಕ್ಕೆ ಬಂದಿದೀನಿ ಅಂತ ಇದಕ್ಕೆ ಗೊತ್ತೇ ಆಗ್ತಿಲ್ಲ."

"ಅಂದ್ರೆ?"

"ಕ್ವಾರಿಯಿಂದ ಬಂದು ಮನೇಲಿ ಊಟಕ್ಕೆ ಕೂತಿದ್ರೂ ಇನ್ನೂ ನೀರಲ್ಲೇ ಇದೀನಿ ಅಂತ ನಿಮಿಷ ಎಣಿಸ್ತಾ ಇರುತ್ತೆ ಕಣೋ. ಬ್ಯಾಟ್ರಿನೂ ಖಾಲಿ ಮಾಡ್ಕೊಂಡು ಕೂತೈತೆ. ಸಾಯಂಕಾಲಕ್ಕೆ ಕೊಟ್ಬಿಡು, ಯಾವಾಗ ಫೋನ್ ಬರುತ್ತೋ ಏನೋ."

ರೋಗ ನನಗೆ ನೋಡಿದ ತಕ್ಷಣ ತಿಳಿಯಿತು. ಅದರ ಬೆನ್ನಿನಲ್ಲಿ ಎರಡು ಪುಟ್ಟ ಲೋಹದ ಮೊಳೆಗಳಿರುತ್ತವೆ. ಎರಡಕ್ಕೂ ನೀರು ತಾಗಿದರೆ ಅದು ಆನ್ ಆಗುತ್ತದೆ. ನಮ್ಮ ಕ್ವಾರಿಯ ನೀರು ಗಡಸು. ಬಿಸಿನೀರಿನ ಹಂಡೆಗೆ ಕಟ್ಟುವ ಹಾಗೆ ಮೊಳೆಗಳ ಮೇಲೆ ಬಿಳಿ ಪೊರೆ ಕಟ್ಟಿ, ಅದರೊಳಗೆ ತೇವ ಉಳಿದುಕೊಂಡಿತ್ತು. ಪಕ್ಕದ ಗೋಬಿ ಗಾಡಿಯವನ ಹತ್ತಿರ ಎರಡು ಚಮಚ ವಿನೆಗರ್ ಇಸಿದುಕೊಂಡು ಬೆಚ್ಚಗಿನ ನೀರಿನಲ್ಲಿ ಬೆರೆಸಿ, ಹತ್ತಿಯಲ್ಲಿ ಅದ್ದಿ ತಿಕ್ಕಿದೆ. ಪೊರೆ ಬಿಟ್ಟಿತು. ಹೊಸ ಸೆಲ್ ಹಾಕಿದೆ. ಪರದೆ ಬೆಳಗಿತು, ಮೂಲೆಯಲ್ಲಿ ಬೆಟ್ಟ ಬಂತು. ಮಧ್ಯಾಹ್ನ ಮೂರಕ್ಕೆಲ್ಲ ಕೆಲಸ ಮುಗಿದಿತ್ತು.

ಮುಗಿದ ಮೇಲೆ ಅದನ್ನು ನನ್ನ ಕೈಗೆ ಕಟ್ಟಿಕೊಂಡು ಕನ್ನಡಿಯಲ್ಲಿ ನೋಡಿಕೊಂಡೆ. ಚೆನ್ನಾಗಿ ಕಾಣುತ್ತಿತ್ತು. ನನಗೇ ಮಾಡಿದ ಹಾಗಿತ್ತು. ಸಂಜೆ ಶಿವು ಬಂದು ಇದನ್ನು ಕಟ್ಟಿಕೊಂಡು ಹೋಗುತ್ತಾನೆ, ನಾನು ಮತ್ತೆ ಹಗ್ಗ ಹಿಡಿಯಲು ಹೋಗುತ್ತೇನೆ... ಆಗ ನನ್ನ ಕಣ್ಣು ಅಂಗಿಯ ತೋಳಿನ ಮೇಲೆ ಬಿತ್ತು.

ನಮ್ಮೂರಿನಲ್ಲಿ ಯಾರ ಬಟ್ಟೆ ನೋಡಿದರೂ ಒಂದು ಎಳೆ ರೇಷ್ಮೆ ಅಂಟಿಕೊಂಡೇ ಇರುತ್ತದೆ. ಆ ವಾರ ನಮ್ಮ ಮಗ್ಗದಲ್ಲಿದ್ದದ್ದು ದಾಳಿಂಬೆ ಕೆಂಪಿನ ಸೀರೆ. ಎರಡು ಬೆರಳಗಲದಷ್ಟು ಉದ್ದದ ಎಳೆ, ಮಧ್ಯದಲ್ಲಿ ಒಂದು ಗಂಟು. ನೂಲು ಹರಿದರೆ ನನ್ನ ಹೆಂಡತಿ ಹಾಕುವ ಗಂಟು ಅದು, ಸಾಸಿವೆಗಿಂತ ಸಣ್ಣದು.

ಸೆಲ್ಲಿನ ಮುಚ್ಚಳದ ಕೆಳಗೆ ಒಂದು ರಬ್ಬರ್ ರಿಂಗ್ ಇರುತ್ತದೆ. ನೀರು ಒಳಗೆ ಹೋಗದಂತೆ ತಡೆಯುವುದು ಅದೊಂದೇ. ಅದರ ಮೇಲೆ ಒಂದು ಕೂದಲು ಬಿದ್ದಿದ್ದರೂ ಸಾಕು, ಆಳಕ್ಕೆ ಹೋದಾಗ ಆ ಸಂದಿಯಿಂದ ನೀರು ನುಗ್ಗುತ್ತದೆ.

ಮುಚ್ಚಳ ಮತ್ತೆ ಬಿಚ್ಚಿ, ಚಿಮಟದಲ್ಲಿ ಆ ಎಳೆಯನ್ನು ಹಿಡಿದು ರಿಂಗಿನ ಮೇಲೆ ಅಡ್ಡಲಾಗಿ ಇಟ್ಟೆ. ಮುಚ್ಚಳ ತಿರುಗಿಸಿ ಬಿಗಿ ಮಾಡಿದೆ.

ಶಿವುಗೆ ಏನಾದರೂ ಆಗಲಿ ಎಂದು ನಾನು ಬಯಸಲಿಲ್ಲ, ತಾಯಾಣೆ. ಮಷೀನು ಕೆಡಲಿ, ಅಷ್ಟೇ. ನನಗಿಲ್ಲದ್ದು ಅವನಿಗೂ ಇರಬಾರದು. ಆಳದಲ್ಲಿ ಅದು ಕೆಟ್ಟರೆ ಅವನ ಗತಿ ಏನು ಎಂಬ ಯೋಚನೆ ಬಂತು. ಬಂದದ್ದನ್ನು ಆಚೆಗೆ ತಳ್ಳಿದೆ.

ಸಂಜೆ ಆರು ಗಂಟೆಗೆ ಶಿವು ಫೋನ್ ಮಾಡಿದ. ಪರದೆಯ ಮೇಲೆ ಅವನ ಹೆಸರು ನೋಡಿ ಎತ್ತಲಿಲ್ಲ. ಎಲ್ಲೋ ಹೊಸ ಶಾಲು ಬಂದಿರಬೇಕು, ಹೇಳಿಕೊಳ್ಳಲು ಮಾಡುತ್ತಿದ್ದಾನೆ ಅಂದುಕೊಂಡೆ. ಮತ್ತೆ ಮಾಡಿದ. ಎತ್ತಲಿಲ್ಲ. ಮೂರನೇ ಸಲವೂ ಹೊಡೆದುಕೊಂಡು ನಿಂತಿತು.

ಅರ್ಧ ಗಂಟೆಯ ನಂತರ ಕರೆಂಟ್ ಹೋಯಿತು. ಹೊರಗೆ ಕತ್ತಲಾಗುತ್ತಿತ್ತು, ಸುತ್ತಲಿನ ಮಗ್ಗಗಳ ಸದ್ದು ಒಮ್ಮೆಲೇ ನಿಂತಿತು. ನಮ್ಮೂರಿನವರಿಗೆ ಮಗ್ಗದ ಸದ್ದು ಕೇಳುವುದೇ ಇಲ್ಲ, ಅದು ನಿಂತಾಗ ಮಾತ್ರ ಕೇಳಿಸುತ್ತದೆ. ಆ ಮೌನದಲ್ಲಿ ನನ್ನ ಮೇಜಿನ ಮೇಲೆ ಏನೋ 'ಪೀಂ' ಎಂದಿತು...

ಡೈವ್ ಕಂಪ್ಯೂಟರ್ ಎದ್ದಿತ್ತು.

ವಿನೆಗರಿನ ತೇವ ಉಳಿದಿರಬೇಕು ಎಂದುಕೊಂಡು ಮೊಳೆಗಳನ್ನು ಒಣಬಟ್ಟೆಯಲ್ಲಿ ಒರೆಸಿದೆ. ಆಫ್ ಆಗಲಿಲ್ಲ. ಹಸಿರು ಬೆಳಕಿನಲ್ಲಿ ಆಳದ ಅಂಕಿ ಕಂಡಿತು. 1.2 ಇತ್ತು. ನಾನು ನೋಡುತ್ತಿದ್ದ ಹಾಗೇ 2.0 ಆಯಿತು, 3.5 ಆಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೇವ ತಾಗಿ ಅದು ಆನ್ ಆಗಬಹುದು, ಒಪ್ಪುತ್ತೇನೆ. ಆದರೆ ಆಳದ ಅಂಕಿ ಏರಬೇಕೆಂದರೆ ಮೇಲೆ ಅಷ್ಟು ನೀರಿನ ಭಾರ ಬೀಳಬೇಕು. ಒಣಗಿದ ಮೇಜು, ಮೇಲೆ ನಿಂತ ಫ್ಯಾನು. ಭಾರ ಎಲ್ಲಿಂದ ಬರಬೇಕು?

ಅಂಕಿ 9.1ಕ್ಕೆ ಬಂದು ನಿಂತಿತು. ಒಂದು ನಿಮಿಷ ಅಲ್ಲಾಡಲಿಲ್ಲ.

ಆ ಅಂಕಿ ನನಗೆ ಗೊತ್ತಿತ್ತು. ಮಾಕಳಿದುರ್ಗದ ದಾರಿಯಲ್ಲಿ ಒಳಗೆ ತಿರುಗಿದರೆ ಒಂದು ಹಳೇ ಕ್ವಾರಿ ಇದೆ. ಅದರ ಗೋಡೆಯಲ್ಲಿ ಒಂಬತ್ತು ಮೀಟರ್ ಕೆಳಗೆ ಒಂದು ಬಂಡೆ ಹಲ್ಲಿನಂತೆ ಮುಂದಕ್ಕೆ ಚಾಚಿಕೊಂಡಿದೆ. ಶಿವು ಪ್ರತಿ ಸಲ ಆ ಬಂಡೆಯ ಮೇಲೆ ಗಂಗಮ್ಮನ ಹೆಸರಿನಲ್ಲಿ ಒಂದು ಅಡಿಕೆ ಇಟ್ಟು, ಕೈಮುಗಿದು, ಆಮೇಲೆ ಕೆಳಗೆ ಹೋಗುತ್ತಾನೆ. ಅದಕ್ಕೆ ಒಂದು ನಿಮಿಷ ಹಿಡಿಯುತ್ತದೆ. ಇದು ಅವನಿಗೆ ಗೊತ್ತು, ಹಗ್ಗ ಹಿಡಿಯುವ ನನಗೆ ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ.

ಅಂಕಿ ಮತ್ತೆ ಏರತೊಡಗಿತು. 12... 15... 18... ಕಡೆಗೆ 19.4ಕ್ಕೆ ನಿಂತಿತು. ಅದು ಆ ಕ್ವಾರಿಯ ತಳ. ಅಂಗಡಿಯೊಳಗೆ ಎಲ್ಲಿಂದಲೋ ಪಾಚಿಯ ವಾಸನೆ, ಕಲ್ಲುಪುಡಿಯ ವಾಸನೆ ಬಂತು.

ಶಿವುಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಸಾವಿತ್ರಿಗೆ ಮಾಡಿದೆ.

"ಶಿವು ಎಲ್ಲವ್ವ?"

"ಕ್ವಾರಿಗೆ ಹೋದ್ರಲ್ಲಣ್ಣ! ಮಗ್ಗದ ಕೆಲಸದೋನು ಯಾರೋ ಬಿದ್ದವ್ನಂತೆ. ದಡದ ಮೇಲೆ ಬೈಕು, ಚಪ್ಪಲಿ ಸಿಕ್ಕವಂತೆ. ಅವ್ರಮ್ಮ ಗೋಳಾಡ್ತಾ ಇದ್ರು ಅಂತ ಕತ್ಲಾದ್ರೂ ಹೊರಟ್ರು. ನಿಂಗೆ ಮೂರ್ ಸಲ ಫೋನ್ ಮಾಡಿದ್ರಂತೆ, ನೀನು ಎತ್ತಲಿಲ್ವಂತೆ?"

"ಹಗ್ಗ ಯಾರು ಹಿಡ್ಕೊಂಡವ್ರೆ?"

"ಟ್ರ್ಯಾಕ್ಟರ್ ಓಡಿಸ್ತಾನಲ್ಲ ಮುನಿರಾಜು, ಅವನ್ನ ಕರ್ಕೊಂಡು ಹೋದ್ರು. ಯಾಕಣ್ಣ, ಏನಾಯ್ತು?"

ಆ ಗಳಿಗೆಯಲ್ಲೂ ನನಗೆ ಮೊದಲು ಅನಿಸಿದ್ದು ಏನು ಗೊತ್ತೇ? ನನ್ನ ಹಗ್ಗ ಮುನಿರಾಜು ಕೈಯಲ್ಲಾ? ಉರಿ ಎದ್ದಿತು. ಎದ್ದ ಕ್ಷಣವೇ ಮೇಜಿನ ಮೇಲಿದ್ದದ್ದು ಕಿರುಚಿತು.

ಪೀಂ, ಪೀಂ, ಪೀಂ... ಸ್ವಲ್ಪ ಬಿಡುವು. ಪೀಂ, ಪೀಂ, ಪೀಂ... ಮತ್ತೆ ಬಿಡುವು.

ಅಪಾಯ ಇದ್ದರೆ ಅದು ನಿಲ್ಲಿಸದೆ ಕೂಗುತ್ತದೆ. ಹೀಗೆ ಮೂರು ಮೂರಾಗಿ ಕೂಗುವ ಕ್ರಮ ಅದರಲ್ಲಿಲ್ಲ. ಅದು ನಮ್ಮ ಕ್ರಮ. ಎಳಿ ಎನ್ನುವ ಕ್ರಮ.

ಮೊದಲು ಆ ಎಳೆ ತೆಗೆದುಬಿಡೋಣ ಎಂದು ಮುಚ್ಚಳದ ಗೀರಿಗೆ ನಾಣ್ಯ ಇಟ್ಟು ತಿರುಗಿಸಿದೆ. ಮಧ್ಯಾಹ್ನ ನಾನೇ ಹಾಕಿದ ಮುಚ್ಚಳ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ, ನಾಣ್ಯ ಜಾರಿ ಬೆರಳು ಕುಯ್ದುಕೊಂಡೆ. ಕೂಗು ನಿಲ್ಲಲಿಲ್ಲ. ಅದನ್ನು ಕೈಗೆ ಕಟ್ಟಿಕೊಂಡು, ಶಟರ್ ಕೂಡ ಎಳೆಯದೆ ಸ್ಕೂಟರ್ ಹತ್ತಿದೆ.

ಎಂಟು ಕಿಲೋಮೀಟರ್. ದಾರಿಯುದ್ದಕ್ಕೂ ಮಣಿಕಟ್ಟಿನ ಮೇಲೆ ಆ ಹಸಿರು ಬೆಳಕು, ಅದೇ 19.4. ಎದುರು ಗಾಳಿ ಬೀಸುತ್ತಿದ್ದರೂ ಆ ಕೈ ಮಾತ್ರ ನೀರಿನಲ್ಲಿ ಅದ್ದಿದ ಹಾಗೆ ಮರಗಟ್ಟಿತ್ತು. ದೂರದಲ್ಲಿ ರೈಲು ಕೂಗಿದಾಗ ಇದೇ ಕೂಗಿತು ಎಂದು ಎರಡು ಸಲ ಬೆಚ್ಚಿದೆ.

ಕ್ವಾರಿಯ ದಡದಲ್ಲಿ ಏಳೆಂಟು ಜನ, ಎರಡು ಟಾರ್ಚು. ಕರ್ಪೂರ ಹಚ್ಚಿದ ವಾಸನೆ ಇನ್ನೂ ಇತ್ತು. ಮುದುಕಿಯೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಮುನಿರಾಜು ಹಗ್ಗ ಹಿಡಿದು ಅಲ್ಲಾಡದೆ ನಿಂತಿದ್ದ.

"ಎಷ್ಟೊತ್ತಾಯ್ತೋ ಇಳ್ದು?"

"ಅರ್ಧ ಗಂಟೆ ಆಗಕ್ಕೆ ಬಂತಣ್ಣ."

"ಜಗ್ಗಿದ್ನಾ?"

"ಇಳ್ದಾಗ ಒಂದ್ಸಲ ಜಗ್ಗಿದ. ಆಮ್ಯಾಕೆ ಸುಮ್ಕಿದಾನೆ. ಮೂರ್ ಸಲ ಜಗ್ಗಿದ್ರೆ ಮಾತ್ರ ಎಳಿ ಅಂದವ್ನೆ."

ಅವನ ಕೈಯಿಂದ ಹಗ್ಗ ಕಿತ್ತುಕೊಂಡೆ. ಹಿಡಿದ ಕೂಡಲೇ ಗೊತ್ತಾಯಿತು. ಮನುಷ್ಯ ಇರುವ ಹಗ್ಗ ಸುಮ್ಮನಿದ್ದರೂ ಅದುರುತ್ತಿರುತ್ತದೆ. ಇದು ಗೂಟಕ್ಕೆ ಕಟ್ಟಿದ ಹಗ್ಗದಂತಿತ್ತು. ಆ ಬಂಡೆಯ ಹಲ್ಲಿಗೆ ಸಿಕ್ಕಿಕೊಂಡಿದೆ. ಶಿವು ಕೆಳಗಿನಿಂದ ಎಷ್ಟು ಜಗ್ಗಿದರೂ ಅದು ಬಂಡೆಯವರೆಗೆ ಬಂದು ಅಲ್ಲೇ ಸಾಯುತ್ತದೆ. ಮೇಲಿನಿಂದ ಎಳೆದರೆ ಇನ್ನೂ ಬಿಗಿಯಾಗುತ್ತದೆ. ಈ ಕ್ವಾರಿಯಲ್ಲಿ ಹಗ್ಗ ಸಿಕ್ಕಿದರೆ ಪೂರ್ವದ ಅಂಚಿಗೆ ಸುತ್ತಿ ಹೋಗಿ ಆ ಕಡೆಯಿಂದ ಬಿಡಿಸಬೇಕು. ಮುನಿರಾಜುಗೆ ಇದು ಎಲ್ಲಿಂದ ಗೊತ್ತಿರಬೇಕು?

ಹಗ್ಗ ಸಡಿಲ ಬಿಡುತ್ತಾ ಕತ್ತಲಲ್ಲೇ ಅಂಚಿನ ಮೇಲೆ ಓಡಿದೆ. ಪೂರ್ವದ ಕಡೆ ನಿಂತು ಒಮ್ಮೆ ಕೊಡವಿ ಎಳೆದೆ. 'ಟಣ್' ಎಂದು ಏನೋ ಬಿಟ್ಟ ಹಾಗಾಯಿತು. ಹಗ್ಗಕ್ಕೆ ಭಾರ ಬಂತು.

ಮಣಿಕಟ್ಟಿನ ಮೇಲೆ 19.4 ಇದ್ದದ್ದು 18.8 ಆಯಿತು.

ನನ್ನ ಕೈ ಒಣಗಿತ್ತು ಸ್ವಾಮಿ. ನಾನು ದಡದ ಮೇಲೆ ನಿಂತಿದ್ದೆ. ಆದರೂ ಹಗ್ಗವನ್ನು ಒಂದು ಮೊಳ ಎಳೆದರೆ ಅಂಕಿ ಒಂದು ಮೊಳ ಕಡಿಮೆಯಾಗುತ್ತಿತ್ತು. ಅವಸರದಲ್ಲಿ ಜೋರಾಗಿ ಎಳೆದೆ, ಅದು ನಿಲ್ಲಿಸದೆ ಕೂಗಿತು. ನಿಧಾನ ಮಾಡಿದೆ, ಸುಮ್ಮನಾಯಿತು. 14... 11... 9... ಐದು ಮೀಟರಿಗೆ ಬಂದಾಗ ಪರದೆಯ ಮೇಲೆ 'ನಿಲ್ಲು' ಎನ್ನುವ ಗುರುತು ಬಂತು. ರಕ್ತದ ಗಾಳಿಗುಳ್ಳೆ ಇಳಿಯಲು ಮೂರು ನಿಮಿಷ ಬೇಕೆಂದು ತೋರಿಸಿತು.

"ಎಳಿಯಣ್ಣ! ಯಾಕೆ ನಿಂತ್ಬಿಟ್ಟೆ?" ಮುನಿರಾಜು ಹಿಂದೆ ಓಡಿಬಂದಿದ್ದ.

"ನಿಲ್ಲಬೇಕು."

"ಸತ್ತೋಗ್ತಾನೆ ಕಣಣ್ಣೋ! ಎಳಿ!"

"ಬಾಯ್ಮುಚ್ಕೊಂಡು ನಿಂತ್ಕೊಳೋ!"

ಆ ಮೂರು ನಿಮಿಷ ನಾನು ಯಾವ ದೇವರನ್ನು ಬಿಟ್ಟೆ, ಯಾವ ದೇವರನ್ನು ಕರೆದೆ ನೆನಪಿಲ್ಲ. ಸಾವಿತ್ರಿಯ ಮುಖ ಕಣ್ಣ ಮುಂದೆ ಬಂತು. ಮೂರು ಮುಗಿದು ಸೊನ್ನೆಯಾಯಿತು. ಎಳೆದೆ. ಶಿವುವಿನ ತಲೆ ನೀರಿನಿಂದ ಮೇಲೆ ಬಂತು. ನನ್ನ ಕೈ ಮೇಲಿನ ಬೆಳಕು ಆರಿಹೋಯಿತು.

ನಾಲ್ಕು ಜನ ಸೇರಿ ಅವನನ್ನು ಬಂಡೆಯ ಮೇಲೆ ಮಲಗಿಸಿದರು. ತುಟಿ ನೀಲಿ ಬಣ್ಣಕ್ಕೆ ತಿರುಗಿತ್ತು, ಸಿಲಿಂಡರಿನ ಗಾಳಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತ್ತು. ಸ್ವಲ್ಪ ಹೊತ್ತು ಕೆಮ್ಮಿ, ಕಣ್ಣು ಬಿಟ್ಟು ನನ್ನನ್ನು ನೋಡಿ ಅವನು ಕೇಳಿದ ಮೊದಲ ಮಾತು, "ಯಾಕೋ ಫೋನ್ ಎತ್ತಲಿಲ್ಲ?"

ನಾನು ಅವನ ಸೊಂಟದ ಹಗ್ಗ ಬಿಚ್ಚತೊಡಗಿದೆ.

"ಟಾರ್ಚು ಕೆಟ್ಟೋಯ್ತು ಕಣೋ. ಏನೂ ಕಾಣ್ತಿರಲಿಲ್ಲ. ಮೂರ್ ಮೂರ್ ಸಲ ಜಗ್ಗಿ ಜಗ್ಗಿ ಸಾಕಾಯ್ತು. ಹಗ್ಗ ಬಿಚ್ಚಾಕಿ ಮೇಲಕ್ಕೆ ಎದ್ಬಿಡಾಣ ಅಂತ ಕೈ ಎತ್ತಿದ್ರೆ... ಈ ಕೈನ ಯಾರೋ ಹಿಡ್ಕೊಂಡಂಗಿತ್ತು. ವಾಚ್ ಕಟ್ತೀವಲ್ಲ, ಇಲ್ಲಿ."

"ಯಾರು?"

"ಗೊತ್ತಿಲ್ಲ. ಮುಳುಗ್ಸಕ್ಕೆ ಹಿಡ್ಕೊಂಡಿದ್ರೋ, ಗಾಬರಿ ಬಿದ್ದು ಎದ್ಬಿಡದಂಗೆ ಹಿಡ್ಕೊಂಡಿದ್ರೋ, ಅದೂ ಗೊತ್ತಿಲ್ಲ."

ಹೇಳುತ್ತಾ ಅವನು ಎಡಗೈ ಚಾಚಿದ. ಮುನಿರಾಜು ಟಾರ್ಚ್ ಬಿಟ್ಟ.

ಮಣಿಕಟ್ಟಿನ ಸುತ್ತ ಒಂದು ಎಳೆ ರೇಷ್ಮೆ ಸುತ್ತಿಕೊಂಡಿತ್ತು. ದಾಳಿಂಬೆ ಕೆಂಪು. ಮೂರು ಸುತ್ತು.

ಬಗ್ಗಿ ನೋಡಿದೆ. ಮಧ್ಯದಲ್ಲಿ ಒಂದು ಗಂಟು ಇತ್ತು, ಸಾಸಿವೆಗಿಂತ ಸಣ್ಣದು...

ಅಂಗಡಿಗೆ ಹೇಗೆ ವಾಪಸ್ ಬಂದೆನೋ ಗೊತ್ತಿಲ್ಲ. ಕರೆಂಟ್ ಬಂದಿತ್ತು, ಮಗ್ಗಗಳು ಮತ್ತೆ ಬಡಿದುಕೊಳ್ಳುತ್ತಿದ್ದವು. ಡೈವ್ ಕಂಪ್ಯೂಟರನ್ನು ಮೇಜಿನ ಮೇಲಿಟ್ಟು ನಾಣ್ಯ ಹಾಕಿದೆ. ಮುಚ್ಚಳ ಬೆಣ್ಣೆಯ ಹಾಗೆ ತಿರುಗಿತು. ರಬ್ಬರ್ ರಿಂಗ್ ಶುಭ್ರವಾಗಿತ್ತು. ಒಳಗೆ ಒಂದು ಹನಿ ನೀರಿರಲಿಲ್ಲ. ಎಳೆಯೂ ಇರಲಿಲ್ಲ.

ಮೇಜಿನ ಕೆಳಗೆ, ಚಿಮಟದ ತುದಿಯಲ್ಲಿ, ನನ್ನ ಎರಡೂ ತೋಳುಗಳ ಮೇಲೆ, ಕಡೆಗೆ ಕಸದ ಬುಟ್ಟಿಯಲ್ಲೂ ಹುಡುಕಿದೆ. ನಾನು ಇಟ್ಟದ್ದು ಎರಡು ಬೆರಳಗಲದ ತುಂಡು. ಅದು ಗಂಡಸಿನ ಮಣಿಕಟ್ಟಿಗೆ ಮೂರು ಸುತ್ತು ಹೇಗೆ ಬರುತ್ತದೆ? ನಮ್ಮೂರಿನಲ್ಲಿ ಸಾವಿರ ಮಗ್ಗ, ಯಾವುದೋ ಎಳೆ ನೀರಿನಲ್ಲಿ ತೇಲುತ್ತಿತ್ತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ನನ್ನ ಹೆಂಡತಿಯ ಗಂಟು ನನಗೆ ಗೊತ್ತಾಗುವುದಿಲ್ಲವೇ?

ಅದರ ನೆನಪಿನ ಪಟ್ಟಿ ತೆಗೆದು ನೋಡಿದೆ. ಆ ಸಂಜೆಯ ಲೆಕ್ಕ ಅಲ್ಲೇ ಇತ್ತು. ಆಳ 19.4 ಮೀಟರ್, ಸಮಯ ಮೂವತ್ತಾರು ನಿಮಿಷ. ಈಗಲೂ ಇದೆ, ಬೇಕಾದವರು ಬಂದು ನೋಡಬಹುದು.

ಮಾರನೇ ದಿನ ತಿಳಿದದ್ದು ಇನ್ನೊಂದು. ಆ ಮಗ್ಗದ ಕೆಲಸದವನು ಕ್ವಾರಿಗೆ ಬಿದ್ದೇ ಇರಲಿಲ್ಲ. ಮನೆಯಲ್ಲಿ ಜಗಳ ಮಾಡಿಕೊಂಡು, ಹೆದರಿಸಲು ಬೈಕು ಚಪ್ಪಲಿ ಅಲ್ಲಿ ಬಿಟ್ಟು, ಬಸ್ಸು ಹತ್ತಿ ತ್ಯಾಮಗೊಂಡ್ಲುವಿನ ಅಕ್ಕನ ಮನೆಗೆ ಹೋಗಿ ಮಲಗಿದ್ದ. ಅಂದರೆ ಆ ಸಂಜೆ ಕ್ವಾರಿಯ ತಳದಲ್ಲಿ ಶಿವು ಬಿಟ್ಟರೆ ಇನ್ಯಾರೂ ಇರಲಿಲ್ಲ. ಅವನ ಕೈ ಹಿಡಿದದ್ದು ಯಾರು ಎಂದು ನಾನು ಯಾರನ್ನು ಕೇಳಲಿ?

ಸಾವಿತ್ರಿಗೆ ಮಾತ್ರ ಯಾವ ಅನುಮಾನವೂ ಇಲ್ಲ.

"ಗಂಗಮ್ಮ ಕಟ್ಟಿರೋ ಕಂಕಣ ಅಣ್ಣ ಅದು. ಅವಳೇ ಕೈ ಹಿಡ್ಕೊಂಡು ಉಳ್ಸವ್ಳೆ."

ಆ ಎಳೆಗೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಗಂಡನ ಕೈಯಿಂದ ಬಿಚ್ಚಕೂಡದು ಎಂದಳು. "ನೆನೆದು ಕೊಳೆತುಹೋಗುತ್ತೆ ಕಣವ್ವ, ಕತ್ತರಿಸಿಬಿಡ್ತೀನಿ ತಾ" ಎಂದು ನಾನು ಕತ್ತರಿ ತೆಗೆದಿದ್ದಕ್ಕೆ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ಕೇರಿಯ ಹೆಂಗಸರು ಬಂದು ಅದನ್ನು ಕಣ್ಣಿಗೆ ಒತ್ತಿಕೊಂಡು ಹೋದರು. ಪೇಪರಿನಲ್ಲಿ ಶಿವುವಿನ ಕೈಯ ಫೋಟೊ ಬಂತು. ಹಗ್ಗ ಎಳೆದವರು 'ಸ್ಥಳೀಯರು' ಎಂದಿತ್ತು. ನೋಡಿ, ನಾನು ಮಾಡಿದ ಪಾಪಕ್ಕೂ ಪೂಜೆ ಅವನಿಗೇ ಆಯಿತು!

ನಿಜ ಹೇಳಿಬಿಡೋಣ ಎಂದು ಒಂದು ದಿನ ಡೈವ್ ಕಂಪ್ಯೂಟರ್ ಹಿಡಿದುಕೊಂಡು ಅವನ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಅದನ್ನು ನನ್ನ ಕೈಗೇ ವಾಪಸ್ ಕಟ್ಟಿದ.

"ಇದು ನಿಂದು ಕಣೋ ನಾಗ. ಅವತ್ತು ನೀನು ಬರದೆ ಹೋಗಿದ್ರೆ ನಾನು ಎಲ್ಲಿರ್ತಿದ್ದೆ? ಇಟ್ಕೋ."

"ನಂಗ್ಯಾಕೋ? ನಾನು ನೀರಿಗೇ ಇಳಿಯಲ್ಲ."

"ಹಗ್ಗ ಹಿಡಿಯೋನ ಹತ್ರಾನೇ ಇರ್ಲಿ ಬಿಡು." ಅವನು ನಕ್ಕ. ಆಮೇಲೆ ಎಡಗೈ ಮಣಿಕಟ್ಟನ್ನು ತಿಕ್ಕಿಕೊಳ್ಳುತ್ತಾ, "ಈ ದಾರ ಒಂದೊಂದ್ಸಲ ಬಿಗಿ ಆದಂಗಾಗುತ್ತೆ ಕಣೋ. ಯಾವಾಗ ಅಂತ ಗೊತ್ತಾಗಲ್ಲ" ಎಂದ.

ಬೇಕು ಬೇಕು ಎಂದು ಹೊಟ್ಟೆ ಉರಿದುಕೊಂಡಿದ್ದ ವಸ್ತು ನನ್ನದಾಯಿತು. ಬಾಯಿಗೆ ಬಂದಿದ್ದ ಮಾತು ಒಳಗೇ ಉಳಿಯಿತು.

ಮೊನ್ನೆ ಭಾನುವಾರ ಊರಿನಲ್ಲಿ ಅವನಿಗೆ ಸನ್ಮಾನ ಇತ್ತು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ, ಡೈವ್ ಕಂಪ್ಯೂಟರ್ ಜೇಬಿನಲ್ಲಿತ್ತು. ಶಾಲು ಹೊದಿಸಿದರು, ಮೈಸೂರು ಪೇಟ ಇಟ್ಟರು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಹೆಸರು ಯಾರೂ ಎತ್ತಲಿಲ್ಲ. ಹಾಳಾದ್ದು, ಬೇಡ ಬೇಡವೆಂದರೂ ಎದೆಯೊಳಗೆ ಅದೇ ಹಳೇ ಉರಿ ಎದ್ದಿತು. ಯಾಕೆ, ನಾನು ಏನು ಕಡಿಮೆ?

ಜೇಬಿನಲ್ಲಿ ಮೆಲ್ಲಗೆ ಕೂಗಿತು... ಪೀಂ, ಪೀಂ, ಪೀಂ.

ತಲೆ ಎತ್ತಿ ನೋಡಿದೆ. ವೇದಿಕೆಯ ಮೇಲೆ ಶಿವು ನಗುತ್ತಲೇ ಇದ್ದ. ಬಲಗೈಯಿಂದ ಎಡ ಮಣಿಕಟ್ಟನ್ನು ಒತ್ತಿ ಹಿಡಿದುಕೊಂಡಿದ್ದ. ಎಡಗೈಯ ಬೆರಳುಗಳು ನೀಲಿಯಾಗುತ್ತಿದ್ದವು.

ನಾನು ಎದ್ದು ನಿಂತು ಅಂಗೈ ಉರಿಯುವ ತನಕ ಚಪ್ಪಾಳೆ ತಟ್ಟಿದೆ. ನನ್ನ ಶಿವು, ನನ್ನ ತಂಗಿಯ ಗಂಡ, ಚೆನ್ನಾಗಿರಲಿ, ಚೆನ್ನಾಗಿರಲಿ ಎಂದು ಮನಸ್ಸಿನಲ್ಲೇ ಹೇಳುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಅವನು ಮಣಿಕಟ್ಟು ಒತ್ತಿಕೊಳ್ಳುವುದನ್ನು ಬಿಟ್ಟ.

ಇವತ್ತು ಬೆಳಿಗ್ಗೆ ಅವನ ಫೋನ್ ಬಂದಿತ್ತು. ಮೊದಲ ರಿಂಗಿಗೇ ಎತ್ತಿದೆ. ನಾಳೆ ಮತ್ತೆ ಅದೇ ಕ್ವಾರಿಗೆ ಇಳಿಯಬೇಕಂತೆ, ಹಗ್ಗ ನಾನೇ ಹಿಡಿಯಬೇಕಂತೆ. ಕಷ್ಟದ ಕೆಲಸ, ದೊಡ್ಡವರು ಬರುತ್ತಾರೆ, ಕ್ಯಾಮೆರಾದವರೂ ಬರುತ್ತಾರೆ. ಆಗಲಿ ಬರ್ತೀನಿ ಎಂದಿದ್ದೇನೆ. ಆಗಿನಿಂದ ಅಂಗಡಿಯಲ್ಲಿ ಕೂತು ಅವನ ಬಗ್ಗೆ ಬರೀ ಒಳ್ಳೆಯದನ್ನೇ ಯೋಚಿಸುವ ಅಭ್ಯಾಸ ಮಾಡುತ್ತಿದ್ದೇನೆ, ಇನ್ನೂ ಸರಿಯಾಗಿ ಬರುತ್ತಿಲ್ಲ.